ಮಾದೇವಿ ತಂದ ಕೆಂಪು ಟೋಕನ್

ಕೈ ಕೆಳಗೆ ನಾಲ್ಕು ಜನರನ್ನು ಇಟ್ಟುಕೊಂಡು ಕೆಲಸ ಮಾಡಿಸುವವರು ಇದನ್ನು ದಯವಿಟ್ಟು ಕೊನೆವರೆಗೂ ಓದಿ... ಅರ್ಧಕ್ಕೇ ಬಿಡುವ ಚಾಳಿಯಿಂದಲೇ ಈ ಕಥೆ ಹುಟ್ಟಿದ್ದು.

ಮದ್ದೂರಿನ ಕಡೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿ. ಅಲ್ಲಿ ಪ್ರಭಾವತಿ ಮೇಡಂ ಒಂದು ಲೈನಿಗೆ ಸೂಪರ್‌ವೈಸರ್.

ಕೆಟ್ಟವರೇನಲ್ಲ... ಹೊಲಿಗೆ ಮೆಷಿನ್ ತುಳಿದೇ ಮೇಲೆ ಬಂದವರು. ಆದರೆ ಕುರ್ಚಿ ಸಿಕ್ಕ ಮೇಲೆ ಕಿವಿ ಸ್ವಲ್ಪ ಮಂದವಾಗುತ್ತದಲ್ಲ, ಆ ಕಾಯಿಲೆ ಅವರಿಗೂ ಬಂದಿತ್ತು.

ಆ ಫ್ಲೋರಿನಲ್ಲಿ ಮೆಷಿನ್ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ಅದಕ್ಕೇ ಒಂದು ಪದ್ಧತಿ ಇತ್ತು.

ಫ್ಯಾಕ್ಟರಿ ಬಿಟ್ಟು ಹೊರಗೆ ಹೋಗಬೇಕಾದವರು ಗೇಟಿನಿಂದ ಕೆಂಪು ಟೋಕನ್ ತಂದು ಸೂಪರ್‌ವೈಸರ್ ಮುಂದೆ ಹಿಡಿದು ನಿಲ್ಲಬೇಕು. ಅವರು ತಲೆ ಆಡಿಸಿದರೆ ಹೋಗಬಹುದು... ಬೆರಳು ತೋರಿಸಿದರೆ ವಾಪಸ್ ಮೆಷಿನ್‌ಗೆ.

ಪ್ರಭಾವತಿ ಮೇಡಂ ಮುಖವನ್ನೂ ನೋಡುತ್ತಿರಲಿಲ್ಲ. ಟೋಕನ್ ಕಂಡರೆ ಸಾಕು, ಬೆರಳು ಏಳುತ್ತಿತ್ತು!

ಅವತ್ತು ಶಿಪ್‌ಮೆಂಟ್ ದಿನ...

ಮೇಡಂ ತಾಯಿ ಮಂಡ್ಯದ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದರು. ರಜೆ ಕೇಳಿದರೆ ಮ್ಯಾನೇಜರ್, "ಇವತ್ತು ಬರ್ಲಿಲ್ಲ ಅಂದ್ರೆ ನಾಳೆ ಬರೋದೇ ಬೇಡ" ಅಂದುಬಿಟ್ಟಿದ್ದರು.

ಫೋನನ್ನು ಗೇಟಿನಲ್ಲಿಯೇ ಬಿಡಬೇಕು. ಮೇಡಂ ಫೋನ್ ಕೊಡುವಾಗ ಸೆಕ್ಯೂರಿಟಿ ಸಿದ್ದಪ್ಪಾಜಿಯ ಕೈ ಹಿಡಿದುಕೊಂಡರು.

"ಅಣ್ಣ... ನನ್ ತಮ್ಮ ಫೋನ್ ಮಾಡಿದ್ರೆ ತಕ್ಷಣ ತಿಳ್ಸಣ್ಣ. ನಿನ್ ಕಾಲಿಗ್ ಬೀಳ್ತೀನಿ."

ಬೆಳಗ್ಗೆಯಿಂದ ಅವರ ಕಣ್ಣು ಬಾಗಿಲ ಮೇಲೇ ಇತ್ತು. ಸಿದ್ದಪ್ಪಾಜಿ ಬಂದರೆ ಎದೆ ಒಡೆಯುತ್ತದೆ, ಬರದಿದ್ದರೆ ಉಸಿರು ಕಟ್ಟುತ್ತದೆ... ಊಟದ ಡಬ್ಬಿ ಬಿಚ್ಚಲೇ ಇಲ್ಲ. ಆ ಸಂಕಟವೆಲ್ಲ ಟೈಲರ್‌ಗಳ ಮೇಲೆ ಬೈಗುಳವಾಗಿ ಸುರಿಯುತ್ತಿತ್ತು.

ಊಟದ ಬೆಲ್ ಮುಗಿದ ಮೇಲೆ ಫೋನ್ ಬಂದೇಬಿಟ್ಟಿತು.

ಆದರೆ ಗೇಟಿನಲ್ಲಿ ಕಂಟೇನರ್ ಲಾರಿ ನಿಂತಿತ್ತು, ಸಿದ್ದಪ್ಪಾಜಿ ಅಲುಗಾಡುವ ಹಾಗಿರಲಿಲ್ಲ. ಪಕ್ಕದ ಶಿಶುಪಾಲನಾ ಕೇಂದ್ರದಲ್ಲಿ ಮಗುವಿಗೆ ಹಾಲು ಕುಡಿಸಿ ಬರುತ್ತಿದ್ದ ಟೈಲರ್ ಮಾದೇವಿಯನ್ನು ಕರೆದ. ಮೇಡಂಗೆ ಮುಟ್ಟಿಸಬೇಕಾದ ಮಾತು ಹೇಳಿದ. ಮೇಡಂ ಹೊರಡಲಿ ಅಂತ ಕೆಂಪು ಟೋಕನ್ನನ್ನೂ ಅವಳ ಕೈಗೇ ಕೊಟ್ಟ.

"ಓಡವ್ವ... ಬಿರ್‌ಬಿರ್‍ನೆ ಹೋಗು!"

ಮಾದೇವಿ ಓಡಿ ಬಂದು ಮೇಡಂ ಮುಂದೆ ಟೋಕನ್ ಹಿಡಿದಳು.

ಬೆರಳು ಎದ್ದಿತು... ವಾಪಸ್!

ಅವಳು ಕದಲಲಿಲ್ಲ. ಹತ್ತಿರ ಬಂದು, "ಮೇಡಂ, ಗೇಟಿಂದ..." ಅಂದಳು.

"ನಿಮ್ದು ದಿನಾ ಒಂದ್ ಪುರಾಣ! ಮಗೂಗೆ ಜ್ವರ, ಅತ್ತೆಗೆ ಮಂಡಿ ನೋವು... ಇನ್ನೊಂದ್ ಸಲ ಎದ್ರೆ ಮಗು ಎತ್ಕೊಂಡು ಹಂಗೇ ಮನೆಗ್ ಹೋಗ್ತಿರು. ನಾಳೆಯಿಂದ ಬರ್ಬೇಡ!"

ಕೈಗೂಸಿನ ತಾಯಿ... ಕೆಲಸ ಹೋದರೆ ಅವಳ ಮನೆಯಲ್ಲಿ ಒಲೆ ಹತ್ತುವುದಿಲ್ಲ.

ಕೂತಳು. ಕಣ್ಣೀರು ಬಟ್ಟೆ ಮೇಲೆ ಬೀಳುತ್ತಿತ್ತು, ಸೂಜಿ ಓಡುತ್ತಿತ್ತು. ಅಕ್ಕಪಕ್ಕದವರಿಗೆ ಕಂಡಿತು... ಬಾಯಿ ತೆರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಮೇಡಂ ಮತ್ತೆ ಬಾಗಿಲು ನೋಡಿದರು. ಸಿದ್ದಪ್ಪಾಜಿ ಬಂದಿಲ್ಲ. ಸದ್ಯ... ಫೋನ್ ಬಂದಿಲ್ಲ ಅಂದುಕೊಂಡರು.

ಟೀ ಬೆಲ್ ಹೊಡೆಯಿತು. ಮೆಷಿನ್‌ಗಳೆಲ್ಲ ಒಮ್ಮೆಗೇ ನಿಂತವು.

ಮಾದೇವಿ ಎದ್ದು ನಿಂತು ಇಡೀ ಫ್ಲೋರಿಗೆ ಕೇಳುವ ಹಾಗೆ ಅತ್ತುಕೊಂಡೇ ಕೂಗಿದಳು.

"ಕೆಲ್ಸ ಹೋದ್ರೆ ಹೋಗ್ಲಿ ಮೇಡಂ... ಈ ಟೋಕನ್ ನನಗಲ್ಲ, ನಿಮಗೆ! ನಿಮ್ಮವ್ವ..."

ಆಗಲೂ ಮೇಡಂ ಪೂರ್ತಿ ಕೇಳಲಿಲ್ಲ. "ಅವ್ವಾ..." ಎಂದು ಚೀರಿ, ಚಪ್ಪಲಿಯನ್ನೂ ಹಾಕಿಕೊಳ್ಳದೆ, ಗೇಟಿನಲ್ಲಿ ಸಿದ್ದಪ್ಪಾಜಿ ಕೂಗಿದರೂ ನಿಲ್ಲದೆ ಓಡಿದರು.

ಆಸ್ಪತ್ರೆ ತಲುಪುವಷ್ಟರಲ್ಲಿ ತಾಯಿಯ ಮುಖದ ಮೇಲೆ ಬಟ್ಟೆ ಎಳೆದಿದ್ದರು.

"ಯಾಕಕ್ಕ ಇಷ್ಟೊತ್ತ್ ಮಾಡ್ದೆ?" ತಮ್ಮ ಕೇಳಿದ್ದು ಅದೊಂದೇ ಮಾತು. ತಿಥಿ ಮುಗಿಯುವವರೆಗೂ ಅವನು ಅಕ್ಕನ ಜೊತೆ ಮತ್ತೆ ಮಾತಾಡಲಿಲ್ಲ... ಫೋನಿನಲ್ಲಿ ಏನು ಹೇಳಿದ್ದ ಅಂತ ಕೇಳುವ ಮುಖ ಇವರಿಗೂ ಇರಲಿಲ್ಲ.

ತಿಥಿ ಮುಗಿಸಿ ಕೆಲಸಕ್ಕೆ ಬಂದ ದಿನ ಮೇಡಂ ನೇರ ಮಾದೇವಿಯ ಮೆಷಿನ್ ಹತ್ತಿರ ಹೋದರು. ಮಾದೇವಿ ಎದ್ದು ನಿಂತಳು. ಕೆಲಸ ಹೋಯಿತು ಅಂತಲೇ ಅಂದುಕೊಂಡಳು.

ಮೇಡಂ ಮೆಷಿನ್ ಆಫ್ ಮಾಡಿದರು. ಅವಳನ್ನು ಕೂರಿಸಿ, ತಾವೂ ಪಕ್ಕದಲ್ಲಿ ನೆಲದ ಮೇಲೆಯೇ ಕೂತರು.

"ಅವತ್ತು ಏನ್ ಹೇಳಕ್ ಬಂದಿದ್ದೆ ಮಾದೇವಿ? ಪೂರ್ತಿ ಹೇಳವ್ವ... ಕೇಳ್ತೀನಿ."

ಮಾದೇವಿ ಬಿಕ್ಕಿ ಬಿಕ್ಕಿ ಅತ್ತಳು.

"ನಿಮ್ಮವ್ವಂಗೆ ಎಚ್ಚರ ಆಗಿತ್ತಂತೆ ಮೇಡಂ... ಫೋನ್‌ನಾಗೆ ಅವ್ವನೇ ಮಾತಾಡಿದ್ರಂತೆ. 'ನಮ್ ಪ್ರಭ ಬೆಳಗ್ಗೆಯಿಂದ ಏನೂ ತಿಂದಿರಕಿಲ್ಲ. ಉಂಡ್ಕಂಡೇ ಬರಕ್ಕೇಳಪ್ಪ, ಆತ್ರ ಬ್ಯಾಡ... ನಾನ್ ಕಾಯ್ತೀನಿ' ಅಂದ್ರಂತೆ..."

ಪ್ರಭಾವತಿ ಮೇಡಂ ಆ ನೆಲದ ಮೇಲೆ ಎಷ್ಟು ಹೊತ್ತು ಅತ್ತರೋ... ಲೈನಿನಲ್ಲಿ ಒಬ್ಬರೂ ಮೆಷಿನ್ ಆನ್ ಮಾಡಲಿಲ್ಲ.

ಅವರು ಅವತ್ತಿನಿಂದ ಯಾರಿಗೂ ಬೆರಳು ತೋರಿಸಿಲ್ಲವಂತೆ. ಟೋಕನ್ ಕಂಡರೆ ಎದ್ದು ಬಂದು ಮುಖ ನೋಡಿ, "ಏನಮ್ಮ?" ಅಂತ ಕೇಳುತ್ತಾರಂತೆ. ಒಳ್ಳೆಯದೇ... ಆದರೆ ಕಾಯುತ್ತೀನಿ ಅಂದ ಜೀವ ಇನ್ನು ಬರುವುದಿಲ್ಲ.

*

ಕೈ ಕೆಳಗಿನವರ ಮಾತನ್ನು ಅರ್ಧಕ್ಕೇ ತಡೆದರೆ, ನಮಗೇ ಬರಬೇಕಾದ ಮಾತೂ ಅಲ್ಲೇ ನಿಂತುಹೋಗುತ್ತದೆ.

ಇವತ್ತು ನಿಮ್ಮ ಟೇಬಲ್ ಹತ್ತಿರ ಬಂದು, ಏನೋ ಹೇಳಲು ಹೋಗಿ, ಸುಮ್ಮನೆ ವಾಪಸ್ ಹೋದವರು ಯಾರು... ಒಮ್ಮೆ ನೆನಪು ಮಾಡಿಕೊಳ್ಳುತ್ತೀರಾ?