ಸಾಹೇಬರ ಭುಜದ ಪಟ್ಟಿ

“ಬಾಗಿಲು ಹಾಕಿ. ಯಾರ ಹತ್ತಿರವೂ ಒಂದು ಮಾತು ಆಡಕೂಡದು. ಫೋನ್ ಕಟ್ ಮಾಡಿದರೆ ನೇರ ಜೈಲು,” ಎಂದರು ವಿಡಿಯೋ ಕರೆಯಲ್ಲಿದ್ದ ಪೊಲೀಸ್ ಸಾಹೇಬರು. ಸೊಸೆ ಎದ್ದು ಹೊಲಿಗೆ ಅಂಗಡಿಯ ಶಟರ್ ಎಳೆದಳು. ಹಾಡುಹಗಲಲ್ಲೇ ಕತ್ತಲಾಯಿತು. ಎದುರಿನ ಕ್ಷೌರದಂಗಡಿಯಿಂದ ಬೆಳಗಿನಿಂದ ಕೂಗುತ್ತಿದ್ದ ರೇಡಿಯೋ ಸಣ್ಣಗಾಯಿತು. ಕತ್ತರಿಸುವ ಮೇಜಿನ ಕೆಳಗೆ ಚೆಲ್ಲಿದ ಗುಂಡಿಗಳನ್ನು ಆಯುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು, “ಕರೆಂಟ್ ಹೋಯ್ತೇನೇ?”

“ಶ್! ಅತ್ತೆ, ಪೊಲೀಸ್ನೋರು!” ಸೊಸೆಗೆ ಅಳುವೇ ಬಂದಿತ್ತು. “ನನ್ನ ಹೆಸರಲ್ಲಿ ಯಾವುದೋ ಪಾರ್ಸೆಲ್ ಸಿಕ್ಕಿದೆಯಂತೆ. ಅದರೊಳಗೆ ಏನೇನೋ ಇದೆಯಂತೆ. ನಮ್ಮ ಖಾತೇಲಿರೋ ದುಡ್ಡೆಲ್ಲ ಅವರು ಹೇಳಿದ ಕಡೆ ಹಾಕಿದ್ರೆ, ಪರೀಕ್ಷೆ ಮಾಡಿ ಸಂಜೆ ವಾಪಸ್ ಕೊಡ್ತಾರಂತೆ.”

ಖಾತೆಯಲ್ಲಿದ್ದದ್ದು ಕಾಜಾ ಮೆಷಿನ್ನಿನ ದುಡ್ಡು. ಅಂಗಿಯ ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲೇ ಹೊಲಿದು ಹೊಲಿದು ಅತ್ತೆಯ ಬೆರಳು ಮರಗಟ್ಟಿದ್ದವು. ಅದಕ್ಕೇ ಇಬ್ಬರೂ ಸೇರಿ ಐದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದರು. ಸೋಮವಾರ ಮೆಷಿನ್ ಬರಬೇಕು. ಈಗ ಸೊಸೆಯ ಹೆಬ್ಬೆರಳು ಹಣ ಕಳಿಸುವ ಬಟನ್ ಮೇಲೆ ತೂಗುತ್ತಿತ್ತು.

ಅತ್ತೆ ತೆವಳಿಕೊಂಡು ಹೊರಬಂದರು. ಕೊರಳಲ್ಲಿ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ. ಮೂವತ್ತು ವರ್ಷದಿಂದ ಕಾವಲುಗಾರರಿಗೆ, ನರ್ಸುಗಳಿಗೆ, ಪೊಲೀಸರಿಗೆ ಯೂನಿಫಾರಂ ಹೊಲಿದವರು. ಸೊಸೆಯನ್ನು ಮೊದಲ ಸಲ ಕಂಡಾಗಲೂ ‘ಹುಡುಗಿ ಲಕ್ಷಣವಾಗಿದ್ದಾಳೆ’ ಅನ್ನುವುದಕ್ಕೆ ಮುಂಚೆ ‘ರವಿಕೆಯ ಎಡ ತೋಳು ಎಳೀತಿದೆ’ ಅಂದವರು. ಫೋನಿನಲ್ಲಿ ಸಾಹೇಬರ ಮೀಸೆ ಕುಣಿಯುತ್ತಿತ್ತು, ಕಣ್ಣು ಕೆಂಡ ಕಾರುತ್ತಿತ್ತು. ಅತ್ತೆಗೆ ಅದ್ಯಾವುದೂ ಕಾಣಲಿಲ್ಲ. ಅವರು ಗುಂಡುಸೂಜಿ ತೆಗೆದು ಕೇಳಿದರು, “ಇದನ್ನ ಯಾವ ಪುಣ್ಯಾತ್ಮ ಹೊಲಿದಿದ್ದು?”

“ಏನು?” ಎಂದರು ಸಾಹೇಬರು.

“ಅಂಗಿ ಸ್ವಾಮಿ, ಅಂಗಿ! ಭುಜದ ಪಟ್ಟಿ ಉಲ್ಟಾ ಹೊಡೆದಿದ್ದಾನಲ್ಲ! ಗುಂಡಿ ಕುತ್ತಿಗೆ ಕಡೆ ಬರಬೇಕು, ನಿಮ್ಮದು ತೋಳಿನ ಕಡೆ ಕೂತಿದೆ. ಒಂದು ಜೇಬು ಮಹಡೀಲಿ, ಇನ್ನೊಂದು ನೆಲಮಾಳಿಗೇಲಿ.”

“ಏಯ್ ಅಮ್ಮಾ, ಇದು ಸರ್ಕಾರಿ ವಿಚಾರಣೆ!”

“ಅದಕ್ಕೇ ಹೇಳ್ತಿರೋದು, ಸರ್ಕಾರದ ಮಾನ ಹೋಗುತ್ತೆ. ಎದ್ದು ನಿಂತ್ಕೊಳ್ಳಿ ನೋಡೋಣ.”

“ಅತ್ತೆ, ಅರೆಸ್ಟ್ ಮಾಡ್ತಾರೆ!” ಸೊಸೆ ಅವರ ಸೆರಗು ಜಗ್ಗಿದಳು.

“ಮಾಡ್ಲಿ ಬಿಡೇ. ಆ ಅಂಗೀಲಿ ಕೈ ಎತ್ತೋಕಾದ್ರೆ ತಾನೇ? ಎಲ್ಲಿ ಸಾಹೇಬ್ರೆ, ಕೈ ಎತ್ತಿ.”

ಅಳತೆ ತೆಗೆಯುವ ದರ್ಜಿಯ ದನಿಗೆ ಎಂಥವರೂ ಬಗ್ಗುತ್ತಾರೆ. ಸಾಹೇಬರು ಎದ್ದರು, ಕೈ ಎತ್ತಿದರು. ಕಂಕುಳಲ್ಲಿ ‘ಪರ್’ ಎಂದಿತು. ಮೇಲೆ ಯೂನಿಫಾರಂ, ಕೆಳಗೆ ಹಳದಿ ಹೂವಿನ ಚಡ್ಡಿ! “ಹಾಂ, ಈಗ ತಿರುಗಿ,” ಎಂದರು ಅತ್ತೆ. ಅವನು ತಿರುಗುವಾಗ ಮೊಣಕೈ ತಗುಲಿ, ಹಿಂದಿದ್ದ ಪೊಲೀಸ್ ಠಾಣೆಯೇ ದೊಪ್ಪನೆ ಕಳಚಿ ಬಿತ್ತು. ಬರೀ ಬಣ್ಣದ ಪರದೆ. ಅದರಾಚೆ ಬನಿಯನ್ ತೊಟ್ಟ ಇನ್ನೊಬ್ಬ ಕೂತು, ಚೀಟಿ ನೋಡಿಕೊಂಡು ಬೇರೊಂದು ಫೋನಿಗೆ ಗದರುತ್ತಿದ್ದ: “ಬಾಗಿಲು ಹಾಕಿ. ಯಾರ ಹತ್ತಿರವೂ ಒಂದು ಮಾತು ಆಡಕೂಡದು.”

ಸೊಸೆಯ ಹೆಬ್ಬೆರಳು ಬಟನ್ನಿನಿಂದ ಹಾರಿತು. ಮೊದಲು ಬಿಕ್ಕಳಿಕೆಯಂತೆ ಹೊರಟ ನಗು ಆಮೇಲೆ ಅವಳ ಹಿಡಿತಕ್ಕೇ ಸಿಗಲಿಲ್ಲ. ಹರಿದ ಕಂಕುಳು ಮುಚ್ಚಿಕೊಂಡ ಸಾಹೇಬ ಫೋನಿಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಕೇಳಿದ, “ಗುಂಡಿ... ಕುತ್ತಿಗೆ ಕಡೆಗಾ?”

“ಕುತ್ತಿಗೆ ಕಡೆಗೆ ಕಣಪ್ಪಾ. ಕಂಕುಳ ಹತ್ತಿರ ಅರ್ಧ ಇಂಚು ಬಿಡಿಸು. ಜೇಬೆರಡನ್ನೂ ಗೆರೆ ಹಾಕಿ ಹೊಲಿಸು.”

ಫೋನ್ ಕಟ್ಟಾಯಿತು. ಇಬ್ಬರೂ ಬಟ್ಟೆಯ ರಾಶಿ ಮೇಲೆ ಬಿದ್ದು ಹೊರಳಾಡಿ ನಕ್ಕರು. ಹೂವಿನ ಚಡ್ಡಿ ನೆನೆದು ಒಮ್ಮೆ, ಬಿದ್ದುಹೋದ ಠಾಣೆ ನೆನೆದು ಇನ್ನೊಮ್ಮೆ. ನಡುವೆ ಸೊಸೆ ತಟ್ಟನೆ ಎದ್ದು ಕೂತಳು. “ಅತ್ತೆ! ಎಲ್ಲೆಲ್ಲಿ ತಪ್ಪಿದೆ ಅಂತ ನೀವೇ ಹೇಳಿಕೊಟ್ರಲ್ಲ! ನಾಳೆ ಸರಿ ಮಾಡಿಸ್ಕೊಂಡು ಇನ್ಯಾರಿಗೋ ಫೋನ್ ಹಚ್ತಾನೆ. ಅವರು ಹೇಗೆ ಗುರುತು ಹಿಡೀಬೇಕು?”

ಅತ್ತೆ ನಾಲಿಗೆ ಕಚ್ಚಿಕೊಂಡರು. ಮೂವತ್ತು ವರ್ಷದ ಚಾಳಿ, ಕೆಟ್ಟ ಹೊಲಿಗೆ ಕಂಡರೆ ತಿದ್ದದೆ ಬಿಟ್ಟವರಲ್ಲ. ಆಮೇಲೆ ಕೇಳಿದರು, “ಆ ಕಳ್ಳ ಮೊಟ್ಟಮೊದಲು ಏನಂದ ಹೇಳು?”

“ಬಾಗಿಲು ಹಾಕಿ, ಯಾರಿಗೂ ಹೇಳಬೇಡಿ ಅಂದ.”

“ಗುರುತು ಅಲ್ಲೇ ಇತ್ತಲ್ಲ, ಪೆದ್ದಿ! ನಾಲ್ಕು ಜನಕ್ಕೆ ಹೇಳಬೇಡ ಅನ್ನೋನು ಎಷ್ಟು ಚಂದದ ಅಂಗಿ ತೊಟ್ರೂ ಕಳ್ಳನೇ. ಏಳು, ಶಟರ್ ಎತ್ತು. ಆಮೇಲೆ ನಿಜವಾದ ಠಾಣೆಗೆ ಹೋಗಿ ಹೇಳಿ ಬರೋಣ.”

ಇಬ್ಬರೂ ಕೈ ಕೊಟ್ಟು ಶಟರ್ ಎತ್ತಿದರು. ಬೆಳಕು ಕಣ್ಣಿಗೆ ಹೊಡೆಯಿತು. ಬೀದಿ ಯಾಕೋ ಸಪ್ಪಗಿತ್ತು, ರೇಡಿಯೋ ಕೂಗುತ್ತಿರಲಿಲ್ಲ. ಎದುರಿನ ಕ್ಷೌರದಂಗಡಿಯವನು ಒಂದು ಕೈಯಲ್ಲಿ ಫೋನನ್ನು ಮುಖದೆದುರು ಹಿಡಿದು, ಇನ್ನೊಂದು ಕೈಯಿಂದ ತನ್ನ ಶಟರನ್ನು ಮೆಲ್ಲಗೆ ಕೆಳಗೆ ಎಳೆಯುತ್ತಿದ್ದ.