ತೊಟ್ಟಿಲ ಕೋಣೆಯ ತಪಾಸಣೆ

"ಇನ್ಸ್‌ಪೆಕ್ಟರು ಬಂದ್ರು!"

ಕೂಗು ಕೇಳಿದ್ದೇ ಮ್ಯಾನೇಜರ್ ಕೃಷ್ಣಮೋಹನ ಕಾಫಿಯನ್ನು ಅಂಗಿಯ ಮೇಲೆ ಚೆಲ್ಲಿಕೊಂಡ. ಪುತ್ತೂರಿನ ಆ ಗೇರುಬೀಜದ ಕಾರ್ಖಾನೆಗೆ ಅಲ್ಲಿಯವರೆಗೆ ಸರ್ಕಾರದ ನೊಣವೂ ಬಂದಿರಲಿಲ್ಲ.

ಬಂದವರು ಬಿಗಿಯಾದ ಕರಿ ಕೋಟು ತೊಟ್ಟಿದ್ದರು. "ಕೆಲಸದ ಹೆಂಗಸರ ಮಕ್ಕಳಿಗೆ ಕೋಣೆ ಎಲ್ಲುಂಟು? ಕಾನೂನು ಬಂದು ಹತ್ತು ವರ್ಷ ಆಯ್ತು."

ಕೃಷ್ಣಮೋಹನ ಗೋಣಿಚೀಲಗಳ ಕೋಣೆ ತೆರೆದ. ಮೂಲೆಯಲ್ಲಿ ಬೆಕ್ಕು ಮರಿ ಹಾಕಿತ್ತು. "ಇದೇ ಸಾರ್. ಸದ್ಯಕ್ಕೆ ಬೆಕ್ಕಿನ ಮಕ್ಕಳುಂಟು."

ಇನ್ಸ್‌ಪೆಕ್ಟರು ನಗಲಿಲ್ಲ. ಮುಂದಿಟ್ಟ ಬೀಜದ ಪೊಟ್ಟಣವನ್ನೂ ಮುಟ್ಟಲಿಲ್ಲ. "ತೊಟ್ಟಿಲು ಕಟ್ಟಿಸಿ. ತಿಂಗಳು ತಿಂಗಳು ಬರ್ತೇನೆ."

ಬೀಜ ಬೇಡವೆನ್ನುವ ಸರ್ಕಾರಿ ಮನುಷ್ಯ! ಕೃಷ್ಣಮೋಹನ ಬೆವತುಹೋದ. ವಾರದೊಳಗೆ ತೊಟ್ಟಿಲುಗಳು ತೂಗಿದವು, ಹಾಲು ಬಂತು, ಮಕ್ಕಳನ್ನು ನೋಡಿಕೊಳ್ಳಲು ಸಾರಮ್ಮ ಬಂದಳು. ಬೀಜ ಸುಲಿಯುವ ಪೂವಮ್ಮ ಎಲ್ಲರಿಗಿಂತ ಮೊದಲು ತನ್ನ ಹಸುಗೂಸನ್ನು ತಂದು ಮಲಗಿಸಿದಳು.

ಆಮೇಲೆ ನಡೆದದ್ದು ಕೃಷ್ಣಮೋಹನನ ಎಣಿಕೆಗೆ ಮೀರಿದ್ದು. ಕೂಲಿ ಹೆಚ್ಚು ಕೊಡುತ್ತಿದ್ದ ಎದುರು ಕಾರ್ಖಾನೆಯನ್ನು ಬಿಟ್ಟು ಹೆಂಗಸರು ಇಲ್ಲಿಗೆ ಸಾಲುಗಟ್ಟಿದರು.

"ಅಲ್ಲಿ ಕೂಲಿ ಹೆಚ್ಚಲ್ವಾ?" ಅವನೇ ಕೇಳಿದ.

"ಹೆಚ್ಚು ಉಂಟು," ಎಂದಳು ಪೂವಮ್ಮ. "ಮನಸ್ಸನ್ನು ಮನೆಯಲ್ಲಿ ಬಿಟ್ಟು ಬಂದು ಬೀಜ ಸುಲಿಯುದು ಹೇಗೆ ಮಾರಾಯ್ರೆ?"

ಮಂಗಳೂರಿನ ಧಣಿ ಬಂದು ಕೃಷ್ಣಮೋಹನನ ಬೆನ್ನು ತಟ್ಟಿದರು: "ಎಂತ ತಲೆ ನಿನ್ನದು!" ಅವನು ನಾಚಿದಂತೆ ಮಾಡಿದ. ಇನ್ಸ್‌ಪೆಕ್ಟರರ ಸುದ್ದಿ ಎತ್ತಲಿಲ್ಲ.

ಅವರಂತೂ ತಪ್ಪದೆ ಬರುತ್ತಿದ್ದರು. ಒಮ್ಮೆ ಬೆರಳು ಮುಚ್ಚುವಷ್ಟು ಉದ್ದ ತೋಳಿನ ಕಂದು ಕೋಟು, ಒಮ್ಮೆ ಮದುಮಗನಿಗೆ ಹೇಳಿ ಮಾಡಿಸಿದಂಥದ್ದು. ಸರ್ಕಾರ ಇವರಿಗೆ ಸಂಬಳದ ಬದಲು ಕೋಟನ್ನೇ ಕೊಡುತ್ತದೋ ಏನೋ! ಅವರನ್ನು ಕಂಡರೆ ಮಕ್ಕಳೆಲ್ಲ ಅಳುತ್ತಿದ್ದವು. ಪೂವಮ್ಮನ ಮಗಳು ಮಾತ್ರ ಕೈಚಾಚಿ ಹಾರುತ್ತಿದ್ದಳು.

ಮಳೆಗಾಲ ಮುಗಿದಾಗ ಇನ್ನಷ್ಟು ಆಳು ಬೇಕಾಯಿತು. ಪೂವಮ್ಮ ರಜೆಯಲ್ಲಿ ಬೆಳ್ಳಾರೆಯ ತವರಿಗೆ ಹೋಗಿದ್ದಳು. ಅವಳ ಕಡೆಯ ನಾಲ್ಕು ಹೆಂಗಸರು ಸಿಕ್ಕಾರೆಂದು ಕೃಷ್ಣಮೋಹನ ಹೇಳದೆ ಕೇಳದೆ ಬಸ್ಸು ಹತ್ತಿದ.

ತವರಿನ ಜಗಲಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದವನು ತಲೆ ಎತ್ತಿದ. ಅದೇ ಇನ್ಸ್‌ಪೆಕ್ಟರರ ಮುಖ, ಹಿಂದಿನ ಗೂಟದಲ್ಲಿ ಗಿರಾಕಿಗಳ ಕೋಟುಗಳು. ಯಂತ್ರ ನಿಂತಿತು. ಮಜ್ಜಿಗೆ ತಂದ ಪೂವಮ್ಮನೂ ಹೊಸ್ತಿಲಲ್ಲೇ ನಿಂತಳು.

"ಇವ... ನನ್ನ ಅಣ್ಣ. ದೇರಣ್ಣ."

ಕೃಷ್ಣಮೋಹನನ ಕಿವಿ ಕೆಂಪಾಯಿತು. ಪೊಲೀಸರನ್ನು ಕರೆಸಬೇಕೆನ್ನುವಷ್ಟು ಸಿಟ್ಟು. ಆದರೆ ಇವನನ್ನು ಹಿಡಿಸಿದರೆ ತೊಟ್ಟಿಲು ಹೋಗುತ್ತದೆ. ತೊಟ್ಟಿಲು ಹೋದರೆ ಹೆಂಗಸರು ಹೋಗುತ್ತಾರೆ. ಹೆಂಗಸರ ಬೆನ್ನಿಗೇ ತಾನೂ. ಅವನು ಮಜ್ಜಿಗೆಯನ್ನು ಒಂದೇ ಗುಟುಕಿಗೆ ಕುಡಿದು, ಹೊಲಿಗೆ ಯಂತ್ರದ ಮುಂದೆ ಕೈಮುಗಿದ.

"ಮುಂದಿನ ತಿಂಗಳ ತಪಾಸಣೆ ಯಾವಾಗ ಇಟ್ಟುಕೊಳ್ಳುವ, ಸಾರ್?"