ಮೂರ್ತಿಗಳ ಬೆನ್ನು

"ಮೈಕಲ್ಲಿ ಕೂಗಿಸ್ತೀನಿ, ಮಗೂ ಹೆಸರು ಹೇಳಿ ಅಕ್ಕ," ಎಂದ ಮ್ಯೂಸಿಯಂ ಕಾವಲುಗಾರ.

"ಕೂಗಿದ್ರೆ ಏನ್ ಬಂತಣ್ಣ? ಅವಳಿಗೆ ಕಿವಿ ಕೇಳಲ್ಲ," ಎಂದಳು ತಾಯಿ. ಏಳು ವರ್ಷದ ಮಗಳ ಕೈ ಎಲ್ಲಿ ತಪ್ಪಿತೆಂದು ಅವಳಿಗೇ ಗೊತ್ತಿಲ್ಲ. ಚಿತ್ರಗಳ ಕೋಣೆ, ನಾಣ್ಯಗಳ ಕೋಣೆ, ಮೆಟ್ಟಿಲ ಕೆಳಗು, ಎಲ್ಲ ಜಾಲಾಡಿದ್ದಳು. ಹೊರಗೆ ದೊಡ್ಡ ರಸ್ತೆ. ಹಿಂದಿನಿಂದ ಬರುವ ಲಾರಿಯ ಹಾರ್ನ್ ಆ ಮಗುವಿಗೆ ಕೇಳಿಸದು.

"ಅವಳಿಗೆ ಏನು ನೋಡೋದು ಇಷ್ಟ ಹೇಳಿ, ಅಲ್ಲೇ ನಿಂತಿರ್ತಾಳೆ."

ಮಗಳಿಗೆ ಏನಿಷ್ಟವೆಂದು ತಾಯಿಗೆ ತಿಳಿದಿರಲಿಲ್ಲ. ಬೆಳಗಿನಿಂದ ತಾನೇ ತೋರಿಸಿದ್ದಳು, ತಾನೇ ದರದರ ಎಳೆದುಕೊಂಡು ಹೋಗಿದ್ದಳು. ಮಗಳು ಏನು ನೋಡುತ್ತಿದ್ದಾಳೆಂದು ತಿರುಗಿಯೂ ನೋಡಿರಲಿಲ್ಲ. ಆಮೇಲೆ ಥಟ್ಟನೆ ಹೊಳೆಯಿತು. ಗೊಂಬೆ ಕೊಡಲಿ, ಗಡಿಯಾರ ಕೊಡಲಿ, ಆ ಹುಡುಗಿ ಮೊದಲು ತಿರುಗಿಸಿ ಅದರ ಬೆನ್ನು ನೋಡುತ್ತಾಳೆ. "ಹಿಂದೆ ಅಣ್ಣಾ! ಮೂರ್ತಿಗಳ ಹಿಂದೆ ಹುಡುಕಿ!" ಎನ್ನುತ್ತ ಓಡಿದಳು.

ಆಳೆತ್ತರದ ಮಣ್ಣಿನ ಕುದುರೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಗಳು ಕುಕ್ಕರುಗಾಲಲ್ಲಿ ಕೂತಿದ್ದಳು. ಕುದುರೆಯ ಮುಂಭಾಗವೆಲ್ಲ ನುಣುಪು. ಯಾರೂ ನೋಡದ ಹಿಂಬದಿಯಲ್ಲಿ ಮಾಡಿದವರ ಬೆರಳೊತ್ತಿನ ಗುಳಿಗಳು ಹಾಗೇ ಉಳಿದಿದ್ದವು. ಹೊಡೆಯಲು ಎತ್ತಿದ ತಾಯಿಯ ಕೈಯನ್ನು ಮಗಳು ಹಿಡಿದೆಳೆದು, ಹೆಬ್ಬೆರಳನ್ನು ಒಂದು ಗುಳಿಯೊಳಗೆ ಇಟ್ಟಳು. ಅಳತೆ ತೆಗೆದಂತೆ ಕೂತಿತು. ಇದು ಯಾರ ಬೆರಳು ಎಂದು ಸನ್ನೆಯಲ್ಲಿ ಕೇಳಿದಳು. ಮುಟ್ಟಬೇಡಿ ಎನ್ನಲು ಬಂದ ಕಾವಲುಗಾರ ತಾನೂ ಬಗ್ಗಿ ಆ ಗುಳಿ ನೋಡಿದ. ತಾಯಿ ಬಿಕ್ಕುತ್ತ, ಬೆರಳು ತೆಗೆಯದೆ, ಮಗಳ ಪಕ್ಕ ಆ ಸಂದಿಯಲ್ಲೇ ಕೂತುಬಿಟ್ಟಳು.